ಗೋಡೆಯೊಳಗೆ ಕೂರುವ ಉಪ್ಪುನೀರಿನ ಮೀನಿನ ತೊಟ್ಟಿ: ಪೈಪುಗಳನ್ನು ಹೇಗೆ ಯೋಜಿಸಬೇಕು?

ಪ್ರಶ್ನೆ

ಹಜಾರಕ್ಕೂ ಅದರ ಹಿಂದಿನ ಸಣ್ಣ ಕೋಣೆಗೂ ನಡುವಿನ ಗೋಡೆಯಲ್ಲಿ 180 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ಉಪ್ಪುನೀರಿನ ತೊಟ್ಟಿಯೊಂದನ್ನು ಕೂರಿಸಬೇಕೆಂದಿದ್ದೇವೆ. ಹಜಾರದ ಕಡೆಗೆ ಗಾಜಿನ ಮುಖ ಮಾತ್ರ ಕಾಣುತ್ತದೆ. ಸಂಪ್ (ತೊಟ್ಟಿಯಿಂದ ಇಳಿದ ನೀರು ಸೇರುವ ಕೆಳತೊಟ್ಟಿ), ಪಂಪು, ಪ್ರೋಟೀನ್ ಸ್ಕಿಮ್ಮರ್ (ನೊರೆಯೆಬ್ಬಿಸಿ ನೀರಿನ ಕೊಳೆ ತೆಗೆಯುವ ಉಪಕರಣ) ಎಲ್ಲವೂ ಹಿಂದಿನ ಕೋಣೆಯಲ್ಲಿ, ತೊಟ್ಟಿಯ ಕೆಳಗೆ ಇರುತ್ತವೆ. ಮೊದಲು ಮೀನು, ಆಮೇಲೆ ಹವಳ ಎಂಬ ಆಲೋಚನೆ. ಗೋಡೆಯನ್ನು ಇನ್ನೂ ಒಡೆದಿಲ್ಲ, ಗಾಜನ್ನೂ ಕತ್ತರಿಸಿಲ್ಲ. ನೀರು ಇಳಿಯುವ ಮತ್ತು ಏರುವ ಪೈಪುಗಳನ್ನು ಹೇಗೆ ಯೋಜಿಸಬೇಕು, ಯಾವ ಸಂಗತಿಗಳನ್ನು ಈಗಲೇ ತೀರ್ಮಾನಿಸಿಕೊಳ್ಳಬೇಕು ಎಂಬುದನ್ನು ಇಂಥ ತೊಟ್ಟಿ ನಡೆಸಿದವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಗಾಜಿಗೆ ರಂಧ್ರ ಕೊರೆಯುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ವಿದ್ಯುತ್ ಹೋದ ಕ್ಷಣದಲ್ಲಿ ನೀರು ಎಲ್ಲೆಲ್ಲಿಗೆ ಹರಿದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಂಡೇ ಪೈಪಿನ ನಕ್ಷೆಯನ್ನು ಆರಂಭಿಸಿ ಎಂಬುದು ನನ್ನ ಸಲಹೆ. ಪಂಪು ನಿಂತಾಗ ಎರಡು ಕಡೆಯಿಂದ ನೀರು ಸಂಪಿಗೆ ಇಳಿಯುತ್ತದೆ: ಓವರ್‌ಫ್ಲೋ ಪೆಟ್ಟಿಗೆಯ (ತೊಟ್ಟಿಯ ಮೇಲ್ನೀರು ಉಕ್ಕಿ ಬೀಳುವ ಪೆಟ್ಟಿಗೆ) ಅಂಚಿನ ಮೇಲಿದ್ದ ನೀರು ಒಂದು, ಸಂಪಿನಿಂದ ನೀರನ್ನು ತೊಟ್ಟಿಗೆ ಮರಳಿಸುವ ರಿಟರ್ನ್ ಪೈಪಿನ ಬಾಯಿಯಿಂದ ಸೈಫನ್ ಆಗಿ ಹಿಂದಕ್ಕೆ ಹರಿಯುವ ನೀರು ಇನ್ನೊಂದು. ನಿಮ್ಮ ಅಳತೆಯ ತೊಟ್ಟಿಯಲ್ಲಿ ನೀರಿನ ಮಟ್ಟ 3 ಸೆಂ.ಮೀ. ಇಳಿದರೆ ಸುಮಾರು 32 ಲೀಟರ್ ಕೆಳಗೆ ಬರುತ್ತದೆ. ಆದರೆ ರಿಟರ್ನ್ ಬಾಯಿಯನ್ನು ಅಂದಕ್ಕಾಗಿ 15 ಸೆಂ.ಮೀ. ಆಳದಲ್ಲಿ ಇಟ್ಟಿದ್ದರೆ, ಅದು ಗಾಳಿಗೆ ತೆರೆದುಕೊಳ್ಳುವ ಹೊತ್ತಿಗೆ 160 ಲೀಟರಿಗೂ ಹೆಚ್ಚು ನೀರು ಸಂಪಿಗೆ ಬಂದು ಬಿದ್ದಿರುತ್ತದೆ. ಅಷ್ಟು ಖಾಲಿ ಜಾಗವಿರುವ ಸಂಪ್ ತೊಟ್ಟಿಯ ಕೆಳಗೆ ಹಿಡಿಸುವುದು ಕಷ್ಟ. ಆದ್ದರಿಂದ ರಿಟರ್ನ್ ಬಾಯಿಗಳು ನೀರಿನ ಮೇಲ್ಮೈಗೆ ಹತ್ತಿರವೇ ಇರಲಿ, ಮೇಲ್ಮೈಗೆ ಸ್ವಲ್ಪವೇ ಕೆಳಗೆ ಪೈಪಿಗೆ ಸಣ್ಣ ರಂಧ್ರವೊಂದನ್ನು ಕೊರೆಯಿರಿ. ಮಟ್ಟ ಇಳಿದು ಆ ರಂಧ್ರಕ್ಕೆ ಗಾಳಿ ಹೊಕ್ಕೊಡನೆ ಸೈಫನ್ ಮುರಿಯುತ್ತದೆ. ಸುಣ್ಣದ ಪಾಚಿ ಬೆಳೆದು ಈ ರಂಧ್ರ ಮುಚ್ಚಿಹೋಗುವುದುಂಟು, ಹಾಗಾಗಿ ಗಾಜು ಒರೆಸುವ ದಿನ ಇದನ್ನೂ ಚುಚ್ಚಿ ನೋಡಬೇಕು. ನೀರನ್ನು ಒಂದೇ ಕಡೆಗೆ ಬಿಡುವ ಚೆಕ್ ವಾಲ್ವ್ ಹಾಕಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಉಪ್ಪುನೀರಿನಲ್ಲಿ ಅದರ ಮುಚ್ಚಳಕ್ಕೆ ಸುಣ್ಣ ಕಟ್ಟಿಕೊಳ್ಳುತ್ತದೆ, ಮರಳಿನ ಹರಳೋ ಬಸವನಹುಳುವಿನ ಮರಿಯೋ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಇದ್ದರೆ ಇರಲಿ, ಸಂಪಿನ ಲೆಕ್ಕದಲ್ಲಿ ಮಾತ್ರ ಅದು ಇಲ್ಲವೆಂದೇ ಭಾವಿಸಿ.

ಇಳಿಯುವ ನೀರಿಗೆ ಮೂರು ಪೈಪುಗಳ ಏರ್ಪಾಡನ್ನೇ ನಾನು ಒತ್ತಿ ಹೇಳುತ್ತೇನೆ. ಇದನ್ನು ಬೀನ್ ಆನಿಮಲ್ ಪದ್ಧತಿ ಎನ್ನುತ್ತಾರೆ. ಮೊದಲನೆಯ ಪೈಪು ಗಾಳಿಯಿಲ್ಲದೆ ತುಂಬಿ ಹರಿಯುವ ಸೈಫನ್. ಅದರ ಕೆಳತುದಿಯ ಹತ್ತಿರ ಗೇಟ್ ವಾಲ್ವ್ ಇಟ್ಟು ಹರಿವನ್ನು ಹದಗೊಳಿಸಬೇಕು, ಏಕೆಂದರೆ ಬಾಲ್ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿದರೂ ಹರಿವು ಬಹಳ ಬದಲಾಗಿಬಿಡುತ್ತದೆ. ಎರಡನೆಯ ಪೈಪು ಉಳಿದ ಸ್ವಲ್ಪ ನೀರನ್ನು ತನ್ನ ಒಳಮೈಗುಂಟ ಸದ್ದಿಲ್ಲದೆ ಇಳಿಸುತ್ತದೆ. ಅದರ ನೆತ್ತಿಯಿಂದ ಹೊರಟ ಸಣ್ಣ ಗಾಳಿ ಕೊಳವೆಯ ಬಾಯಿ ಪೆಟ್ಟಿಗೆಯ ನೀರಿಗಿಂತ ತುಸು ಮೇಲಿರಬೇಕು. ಮೊದಲ ಪೈಪು ಕಟ್ಟಿಕೊಂಡು ನೀರು ಏರಿದಾಗ ಆ ಬಾಯಿ ಮುಳುಗಿ, ಗಾಳಿ ನಿಂತು, ಎರಡನೆಯದೂ ಸೈಫನ್ ಆಗಿ ಪೂರ್ತಿ ಹೊರೆಯನ್ನು ಹೊರುತ್ತದೆ. ಮೂರನೆಯದು ಎಲ್ಲಕ್ಕಿಂತ ಎತ್ತರದಲ್ಲಿ ಸದಾ ಒಣಗಿರುವ ಆಪತ್ಕಾಲದ ಪೈಪು. ಇದರ ಕೆಳತುದಿ ಸಂಪಿನ ನೀರಿಗಿಂತ ಮೇಲೆಯೇ ನಿಲ್ಲಲಿ. ನೀರು ಅದರಲ್ಲಿ ಇಳಿದಾಗ ಆಗುವ ಭೋರ್ಗರೆತವೇ ಏನೋ ಕೆಟ್ಟಿದೆ ಎಂದು ಪಕ್ಕದ ಕೋಣೆಯವರಿಗೂ ತಿಳಿಸುತ್ತದೆ. ಸೈಫನ್ ಪೈಪಿನ ತುದಿ ಸಂಪಿನ ನೀರಿನಲ್ಲಿ 2 ಅಥವಾ 3 ಸೆಂ.ಮೀ. ಮಾತ್ರ ಮುಳುಗಿರಬೇಕು. ಹೆಚ್ಚು ಆಳಕ್ಕೆ ಹೋದರೆ, ವಿದ್ಯುತ್ ಮರಳಿ ಬಂದಾಗ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಹೊರಬೀಳಲಾರದೆ ಸೈಫನ್ ತಾನಾಗಿ ಹಿಡಿಯುವುದಿಲ್ಲ. ಮೂರು ರಂಧ್ರಗಳನ್ನೂ ಗಾಜು ಕತ್ತರಿಸುವವರಿಗೆ ಈಗಲೇ ಹೇಳಿಬಿಡಿ, ಕೊರೆಯುವ ಗಾಜು ಟೆಂಪರ್ಡ್ (ಕಾಯಿಸಿ ಗಟ್ಟಿಗೊಳಿಸಿದ್ದು) ಅಲ್ಲವೆಂದು ಖಚಿತಪಡಿಸಿಕೊಳ್ಳಿ. ಟೆಂಪರ್ ಮಾಡಿದ ಗಾಜಿಗೆ ಡ್ರಿಲ್ ತಾಗಿಸಿದರೆ ಅದು ಚೂರುಚೂರಾಗುತ್ತದೆ.

ಪಂಪಿನ ವಿಷಯ ಚಿಕ್ಕದು. ಗಂಟೆಗೆ ತೊಟ್ಟಿಯ ನೀರಿನ ಮೂರರಿಂದ ಐದು ಪಟ್ಟು ಸಂಪಿನ ಮೂಲಕ ಹರಿದರೆ ಸಾಕು, ಅಂದರೆ ನಿಮಗೆ ಸುಮಾರು 2000ದಿಂದ 3200 ಲೀಟರ್. ಹವಳಕ್ಕೆ ಬೇಕಾದ ಬಲವಾದ ಸೆಳವನ್ನು ತೊಟ್ಟಿಯೊಳಗಿನ ವೇವ್ ಪಂಪುಗಳೇ ಕೊಡುತ್ತವೆ. ಪಂಪಿನ ಡಬ್ಬದ ಮೇಲೆ ಅಚ್ಚಾಗಿರುವ ಗರಿಷ್ಠ ಹರಿವು ಎತ್ತರವೇ ಇಲ್ಲದಾಗಿನದು; ನೀರನ್ನು ಮೇಲೇರಿಸುವ ಎತ್ತರವೂ ಪ್ರತಿ ಎಲ್ಬೋವೂ (ಪೈಪಿನ ತಿರುವು) ಅದನ್ನು ಕಡಿಮೆ ಮಾಡುತ್ತವೆ. ಒಂದು ತೊಂಬತ್ತು ಡಿಗ್ರಿ ಎಲ್ಬೋ ಬದಲು ಎರಡು ನಲವತ್ತೈದು ಡಿಗ್ರಿಯವನ್ನು ಬಳಸಿ.

ಎರಡನೆಯ ಉತ್ತರ

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಗೋಡೆಯೊಳಗಿನ ತೊಟ್ಟಿಗೇ ವಿಶೇಷವಾದ ಸಂಗತಿಗಳನ್ನಷ್ಟೇ ಸೇರಿಸುತ್ತೇನೆ.

ಗೋಡೆ ಮುಚ್ಚಿದ ಬಳಿಕ ನಿಮ್ಮ ಕೈ ಹೋಗದ ಜಾಗದಲ್ಲಿ ಒಂದೇ ಒಂದು ಜೋಡಣೆಯೂ ಇರಬಾರದು. ಪೈಪು ಗೋಡೆಯನ್ನು ದಾಟಲೇಬೇಕಿದ್ದರೆ ಅದಕ್ಕಿಂತ ದೊಡ್ಡ ಕೊಳವೆಯೊಂದನ್ನು ಗೋಡೆಯಲ್ಲಿ ಕೂರಿಸಿ, ಅದರೊಳಗೆ ಜೋಡಣೆಯಿಲ್ಲದ ಇಡೀ ತುಂಡನ್ನು ಹಾಯಿಸಿ. ಪಂಪಿನ ಎರಡೂ ಬದಿಯಲ್ಲಿ, ಪ್ರತಿ ವಾಲ್ವಿನ ಬಳಿ ಯೂನಿಯನ್ (ತಿರುಗಿಸಿ ಬಿಚ್ಚುವ ಜೋಡಣೆ) ಇದ್ದರೆ ಯಾವುದನ್ನಾದರೂ ಗರಗಸವಿಲ್ಲದೆ ಬಿಚ್ಚಿ ತೊಳೆಯಬಹುದು. ಪಂಪಿಗೂ ಗಟ್ಟಿ ಪೈಪಿಗೂ ನಡುವೆ ಗೇಣುದ್ದದ ಮೆದು ಕೊಳವೆ ಹಾಕಿ. ಇಲ್ಲವಾದರೆ ಪಂಪಿನ ನಡುಕ ಪೈಪಿನಿಂದ ಚೌಕಟ್ಟಿಗೆ ಹತ್ತಿ ಹಜಾರದಲ್ಲಿ ಗುಂಯ್‌ಗುಡುವುದು ಕೇಳಿಸುತ್ತದೆ.

ವಸ್ತುವಿನ ಬಗ್ಗೆ ಕಟ್ಟುನಿಟ್ಟಾಗಿರಿ. ತಾಮ್ರ, ಹಿತ್ತಾಳೆಗಳ ಯಾವ ತುಂಡೂ ಈ ನೀರನ್ನು ಮುಟ್ಟಬಾರದು, ಏಕೆಂದರೆ ಅಲ್ಪ ಪ್ರಮಾಣದ ತಾಮ್ರವೂ ಹವಳ, ಸೀಗಡಿ, ಬಸವನಹುಳುಗಳಿಗೆ ವಿಷ. ಮನೆಯ ಕೊಳಾಯಿ ಕೆಲಸ ಮಾಡುವವರು ಅಭ್ಯಾಸಬಲದಿಂದ ಹಿತ್ತಾಳೆಯ ವಾಲ್ವನ್ನು ಸೇರಿಸಿಬಿಡುವುದು ಸಾಮಾನ್ಯವಾದ್ದರಿಂದ ಇದನ್ನು ನಕ್ಷೆಯ ಮೇಲೆಯೇ ಬರೆದುಕೊಡಿ. ಪಿವಿಸಿ ಸರಿಯಾದ ಆಯ್ಕೆ. ಪಾರದರ್ಶಕ ಕೊಳವೆಯೊಳಗೆ ಬೆಳಕು ಬಿದ್ದು ಪಾಚಿ ಹಿಡಿಯುವುದರಿಂದ ಬೆಳಕು ತೂರದ ಪೈಪೇ ಒಳಿತು. ಗಾಜಿನ ರಂಧ್ರದಲ್ಲಿ ಪೈಪನ್ನು ಹಿಡಿದಿಡುವ ಬಲ್ಕ್‌ಹೆಡ್‌ನ ರಬ್ಬರ್ ವಾಷರ್ ಅಗಲ ಅಂಚಿನ ಬದಿಗೆ ಬರಬೇಕೇ ಹೊರತು ನಟ್ಟಿನ ಬದಿಗಲ್ಲ. ನಟ್ಟನ್ನು ಕೈಯಲ್ಲಿ ಬಿಗಿಮಾಡಿ ಮೇಲೆ ಕಾಲು ಸುತ್ತು ತಿರುಗಿಸಿದರೆ ಸಾಕು. ಪಿವಿಸಿ ಜೋಡಣೆ ಸೋರಿದಾಗ ಮೇಲಿನಿಂದ ಸಿಲಿಕೋನ್ ಬಳಿಯುವವರಿದ್ದಾರೆ. ಅದು ಪಿವಿಸಿಗೆ ಸರಿಯಾಗಿ ಅಂಟುವುದಿಲ್ಲ, ಆ ತುಂಡನ್ನು ಕತ್ತರಿಸಿ ಹೊಸದಾಗಿ ಜೋಡಿಸುವುದೇ ದಾರಿ.

ಭಾರವನ್ನು ಗೋಡೆಗೆ ಹೊರಿಸಬೇಡಿ. ನಿಮ್ಮ ತೊಟ್ಟಿಯ 648 ಲೀಟರ್ ಉಪ್ಪುನೀರೇ ಸುಮಾರು 660 ಕಿಲೋ ತೂಗುತ್ತದೆ. ಗಾಜು, ಕಲ್ಲು, ಮರಳು, ಸಂಪಿನ ನೀರು ಸೇರಿದರೆ ಅದು ಒಂದು ಟನ್ನನ್ನು ಮುಟ್ಟಬಹುದು. ತೊಟ್ಟಿಗೆ ಅದರದೇ ಸ್ಟ್ಯಾಂಡ್ ಇರಲಿ, ಹಜಾರದ ಕಡೆಯ ಚೌಕಟ್ಟು ಬರಿಯ ಅಲಂಕಾರವಾಗಿ ಸುಲಭವಾಗಿ ಕಳಚುವಂತಿರಲಿ. ಒಡೆಯಲಿರುವ ಗೋಡೆ ಮನೆಯ ಭಾರ ಹೊರುವುದೇ, ಆ ನೆಲ ಇಷ್ಟು ತೂಕ ತಾಳುವುದೇ ಎಂಬುದನ್ನು ಎಂಜಿನಿಯರರಿಂದ ತಿಳಿದುಕೊಳ್ಳಿ. ತೊಟ್ಟಿಯ ಮೇಲೆ 45 ಸೆಂ.ಮೀ. ಆದರೂ ತೆರವು ಬಿಡದಿದ್ದರೆ ತೋಳು ತಳಮುಟ್ಟುವುದಿಲ್ಲ. ಹಿಂದಿನ ಕೋಣೆಗೆ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು.

ಕೇಳಿದವರ ಮರುಪ್ರಶ್ನೆ

ಇಬ್ಬರಿಗೂ ಧನ್ಯವಾದಗಳು. ಮೂರು ಪೈಪುಗಳನ್ನೇ ಹಾಕಿಸುತ್ತೇವೆ. ಆವಿಯಾದ ನೀರನ್ನು ತುಂಬುವುದನ್ನೂ ನೀರು ಬದಲಿಸುವುದನ್ನೂ ಪೈಪಿನ ಮೂಲಕವೇ ಮಾಡಿಸಿದರೆ ಅಪಾಯವಿದೆಯೇ?

ಮೂರನೆಯ ಉತ್ತರ

ಮಾಡಿಸಿ, ಆದರೆ ಎರಡಕ್ಕೂ ಮಿತಿ ಹಾಕಿ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬಬೇಕಾದದ್ದು ಆರ್‌ಒ ಮತ್ತು ಡಿಐ ಶೋಧಕಗಳನ್ನು ದಾಟಿ ಬಂದ ಸಿಹಿನೀರು. ಅದನ್ನು ತಾನಾಗಿ ತುಂಬಿಸುವ ಮಟ್ಟದ ಸೆನ್ಸರ್ ಎಂದಾದರೊಂದು ದಿನ ಸಿಕ್ಕಿಕೊಳ್ಳುತ್ತದೆ ಎಂದೇ ಎಣಿಸಿ. ಒಟ್ಟು 700 ಲೀಟರ್ ನೀರಿನ ಲವಣಾಂಶ ಸಾವಿರಕ್ಕೆ 35 ಇದ್ದಾಗ 20 ಲೀಟರಿನ ಡಬ್ಬಿ ಪೂರ್ತಿ ಸುರಿದರೂ ಅದು ಸುಮಾರು 34ಕ್ಕೆ ಇಳಿಯುತ್ತದೆ, ಜೀವಿಗಳು ತಡೆದುಕೊಳ್ಳುತ್ತವೆ. 100 ಲೀಟರ್ ಸುರಿದರೆ 31ರ ಕೆಳಗೆ ಹೋಗುತ್ತದೆ; ಹವಳಕ್ಕೆ ಅದು ದೊಡ್ಡ ಪೆಟ್ಟು. ಹಾಗಾಗಿ ಮನೆಯ ನೀರಿನ ಕೊಳಾಯಿಯನ್ನು ನೇರವಾಗಿ ಸಂಪಿಗೆ ಜೋಡಿಸಲೇಬೇಡಿ, ನಡುವೆ ಸಣ್ಣ ಡಬ್ಬಿ ಇರಲಿ. ತುಂಬುವ ಕೊಳವೆಯ ತುದಿ ನೀರನ್ನು ಮುಟ್ಟದೆ ಮೇಲೆ ನಿಲ್ಲಲಿ, ಇಲ್ಲವಾದರೆ ಅದೂ ಸೈಫನ್ ಆಗುತ್ತದೆ. ಸೆನ್ಸರನ್ನು ರಿಟರ್ನ್ ಪಂಪು ಇರುವ ಖಾನೆಯಲ್ಲೇ ಇಡಿ. ಆವಿಯಾಗುವಿಕೆಯಿಂದ ಮಟ್ಟ ಇಳಿಯುವುದು ಅಲ್ಲಿ, ತಡೆಗಾಜಿನಾಚೆ ಸ್ಕಿಮ್ಮರ್ ಇರುವ ಖಾನೆಯಲ್ಲಿ ಮಟ್ಟ ಹೆಚ್ಚು ಬದಲಾಗುವುದಿಲ್ಲ.

ನೀರು ಬದಲಿಸಲು ರಿಟರ್ನ್ ಪೈಪಿನಿಂದ ವಾಲ್ವ್ ಇರುವ ಕವಲೊಂದನ್ನು ನೆಲದ ಚರಂಡಿಗೆ ಒಯ್ಯಿರಿ. ವಾಲ್ವ್ ತೆರೆದೇ ಉಳಿದರೂ ಪಂಪಿನ ಖಾನೆಯಷ್ಟೇ ಖಾಲಿಯಾಗುತ್ತದೆ, ತೊಟ್ಟಿ ಬರಿದಾಗುವುದಿಲ್ಲ. ಅದೇ ಸಾಲಿನಲ್ಲಿ ಮುಚ್ಚಳ ಹಾಕಿದ ಒಂದೆರಡು ಕವಲುಗಳನ್ನು ಮುಂದಿನ ಉಪಕರಣಗಳಿಗೆಂದು ಬಿಟ್ಟಿರಿ. ಪ್ಲಗ್ಗುಗಳು ನೀರಿಗಿಂತ ಎತ್ತರದಲ್ಲಿ, ಆರ್‌ಸಿಸಿಬಿಯ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸಾಧನ) ರಕ್ಷಣೆಯಲ್ಲಿ ಇರಬೇಕು, ಹನಿ ಹರಿದು ಒಳಹೋಗದಂತೆ ಪ್ರತಿ ವೈರೂ ಪ್ಲಗ್ಗಿಗೆ ಮುಂಚೆ ಕೆಳಗೆ ಬಾಗಿ ಮೇಲೇರಬೇಕು.

ಗೋಡೆ ಮುಚ್ಚುವ ಮೊದಲು ಸಿಹಿನೀರು ತುಂಬಿಸಿ ಎರಡು ದಿನ ಓಡಿಸಿ. ಮಧ್ಯೆ ಮಧ್ಯೆ ವಿದ್ಯುತ್ ಕಡಿದು ಮತ್ತೆ ಕೊಡುತ್ತ, ಸೈಫನ್ ತಾನಾಗಿ ಹಿಡಿಯುವುದೇ ಎಂದು ನೋಡಿ. ಮೊದಲ ಎರಡು ಪೈಪುಗಳನ್ನು ಬೇಕೆಂದೇ ಮುಚ್ಚಿ, ಆಪತ್ಕಾಲದ ಪೈಪೊಂದೇ ಪಂಪಿನ ಪೂರ್ತಿ ನೀರನ್ನು ಇಳಿಸುತ್ತದೆಯೇ ಎಂದೂ ಪರೀಕ್ಷಿಸಿ. ಇಳಿಸದಿದ್ದರೆ ಪಂಪಿನ ವೇಗ ತಗ್ಗಿಸಿ ಅಥವಾ ಆ ಪೈಪನ್ನು ದಪ್ಪ ಮಾಡಿಸಿ. ಪಂಪು ನಿಂತಾಗಲೂ ಸಂಪ್ ತುಳುಕದಂತೆ ಓಡುವಾಗಿನ ಮಟ್ಟ ಎಷ್ಟರವರೆಗೆ ಇರಬಹುದೋ ಅಲ್ಲಿಗೆ ಸಂಪಿನ ಹೊರಗಾಜಿನ ಮೇಲೆ ಅಳಿಸದ ಗೆರೆ ಎಳೆಯಿರಿ, ಮನೆಯಲ್ಲಿ ನೀರು ತುಂಬುವ ಎಲ್ಲರಿಗೂ ಆ ಗೆರೆಯನ್ನು ತೋರಿಸಿ.