ಸಹಾಯ ಬೇಕು: ಮಗಳ ಅಪ್ಪ ಪತ್ತೆನೇ ಇಲ್ಲ, ಒಪ್ಪಿಗೆ ಪತ್ರ ಎಲ್ಲಿಂದ ತರೋದು?

ಎಲ್ರಿಗೂ ನಮಸ್ಕಾರ. ಮೊದಲ ಮದುವೆ ಡೈವೋರ್ಸ್ ಆಗಿ ಮಗಳ ಕಸ್ಟಡಿ ಕೋರ್ಟಿಂದ ನಂಗೇ ಸಿಕ್ಕಿದೆ, ಆಮೇಲೆ ಅವರಪ್ಪಂದು ಒಂದ್ ಫೋನಿಲ್ಲ, ಜೀವನಾಂಶನೂ ಇಲ್ಲ. ಈಗ ಅವಳಿಗೆ 9 ವರ್ಷ. ನಮ್ಮ ಯಜಮಾನ್ರೇ ಅವಳನ್ನ ಚಿಕ್ಕೋಳಿದ್ದಾಗಿಂದ ಸಾಕಿರೋದು, ಅವಳು ಅಪ್ಪ ಅಂತ ಕರೆಯೋದೂ ಇವರನ್ನೇ, ಹಾಗಾಗಿ ಕಾನೂನು ಪ್ರಕಾರ ದತ್ತು ತಗೋಬೇಕು ಅಂತಿದೀವಿ.

ಕಾರಾ (ದತ್ತು ವಿಷಯ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) ಪೋರ್ಟಲ್‌ನಲ್ಲಿ ಮಲತಂದೆ ದತ್ತು ಅಂತ ರಿಜಿಸ್ಟರ್ ಮಾಡೋಕೆ ಹೋದ್ರೆ ಹೆತ್ತವರಿಬ್ಬರ ಒಪ್ಪಿಗೆ ಪತ್ರ ಬೇಕು ಅಂತಾರೆ. ಹಳೇ ಅಡ್ರೆಸ್‌ಗೆ ಕಳ್ಸಿದ ಲಾಯರ್ ನೋಟಿಸ್ ವಾಪಸ್ ಬಂತು, ಅವರ ಅಣ್ಣನ್ನ ಕೇಳಿದ್ರೆ ‘ನಮಗೂ ಗೊತ್ತಿಲ್ಲಮ್ಮ’ ಅಂದ್ರು. 1956ರ ಹಿಂದೂ ದತ್ತು ಕಾಯ್ದೆಲಿ ಮಾಡೋಣ ಅಂದ್ರೆ ಸೆಕ್ಷನ್ 9ರಲ್ಲಿ ಅಪ್ಪ ಸನ್ಯಾಸಿ ಆಗಿರ್ಬೇಕು, ಹಿಂದೂ ಧರ್ಮ ಬಿಟ್ಟಿರ್ಬೇಕು, ಇಲ್ಲಾ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಕೋರ್ಟ್ ಹೇಳಿರ್ಬೇಕು, ಆಗ ಮಾತ್ರ ಒಪ್ಪಿಗೆ ಬೇಡ್ವಂತೆ. ಮಗೂನ ಬಿಟ್ಟು ಹೋಗಿರೋ ಅಪ್ಪ ಅದ್ಯಾವುದಕ್ಕೂ ಬರಲ್ಲ, ಇದೆಂಥ ಅನ್ಯಾಯ ಹೇಳಿ.

ಒಬ್ಬ ಲಾಯರ್ ಪೇಪರಲ್ಲಿ ಪ್ರಕಟಣೆ ಕೊಡಿ ಸಾಕು ಅಂತಾರೆ, ಇನ್ನೊಬ್ರು ಫ್ಯಾಮಿಲಿ ಕೋರ್ಟಿಗೆ ಹೋಗಿ ಅಂತಾರೆ, ಆದ್ರೆ ಈಗ ದತ್ತು ಆರ್ಡರ್ ಕೊಡೋದು ಡಿಸಿ ಅಲ್ವಾ? ನಂಗೆ ತಲೆ ಕೆಟ್ಟಿರೋದು ಇಲ್ಲೇ.

ಅಪ್ಪನ ಒಪ್ಪಿಗೆ ಬೇಡ ಅನ್ನೋ ಆದೇಶ ಮೊದಲು ಕೋರ್ಟಿಂದ ತರ್ಬೇಕಾ, ಇಲ್ಲಾ ಕಸ್ಟಡಿ ಆರ್ಡರ್, ವಾಪಸ್ ಬಂದ ನೋಟಿಸ್, ಪೇಪರ್ ಪ್ರಕಟಣೆ ಇಟ್ಟು ಡಿಸಿ ಹತ್ರನೇ ಕೇಳ್ಬಹುದಾ? ಕರ್ನಾಟಕದಲ್ಲಿ ಹೀಗೆ ಮಾಡಿಸ್ಕೊಂಡೋರು ಯಾರಾದ್ರೂ ಇದ್ರೆ, ಯಾವ ದಾರಿಲಿ ಆಯ್ತು ಅಂತ ಹೇಳ್ತೀರಾ ಪ್ಲೀಸ್?