ಪುಟ್ಟ ಮಕ್ಕಳಿಗೆ ಈಜು ಕಲಿಸುವವರನ್ನು ಆರಿಸುವುದು ಹೇಗೆ?

ಪೋಷಕರ ಗುಂಪಿನ ಈ ವಾರದ ಪ್ರಶ್ನೋತ್ತರ. ಉತ್ತರಿಸುತ್ತಿರುವವರು ಮೈಸೂರಿನಲ್ಲಿ ಚಿಕ್ಕ ಮಕ್ಕಳಿಗೆ ಈಜು ಕಲಿಸುವ ತರಬೇತುದಾರರು.

ಪ್ರಶ್ನೆ (ದಾವಣಗೆರೆಯ ಒಬ್ಬ ತಾಯಿ): ನಮಸ್ಕಾರ ಮೇಡಂ. ಐದು ವರ್ಷದ ಮಗಳನ್ನು ಬೇಸಿಗೆ ಶಿಬಿರಕ್ಕೆ ಸೇರಿಸಿದ್ದೆ. ಮೂರನೆಯ ದಿನವೇ ಅಲ್ಲಿನ ತರಬೇತುದಾರರು ಅವಳನ್ನು ಎತ್ತಿ ಆಳದ ನೀರಿಗೆ ಹಾಕಿದರು. ತಕ್ಷಣ ಮೇಲೆತ್ತಿದರು ನಿಜ. ಆದರೆ ಅಂದಿನಿಂದ ಸ್ನಾನ ಮಾಡಿಸುವಾಗ ತಲೆಗೆ ನೀರು ಹಾಕಿದರೂ ಚೀರುತ್ತಾಳೆ. “ಹೆದರಿಕೆ ಹೋಗುವುದೇ ಹೀಗೆ” ಎನ್ನುತ್ತಾರೆ ಅವರು. ಉಳಿದ ಪೋಷಕರೂ ಅದನ್ನೇ ಹೇಳುತ್ತಾರೆ. ನಾನೇ ಅತಿಯಾಗಿ ಯೋಚಿಸುತ್ತಿದ್ದೇನೆಯೇ? ಒಳ್ಳೆಯ ತರಬೇತುದಾರರನ್ನು ಗುರುತಿಸುವುದು ಹೇಗೆ?

ಉತ್ತರ: ಇಲ್ಲಮ್ಮ, ನೀವು ಯೋಚಿಸುತ್ತಿರುವುದು ಸರಿಯಾಗಿಯೇ ಇದೆ. ನಾಳೆಯಿಂದ ಅವಳನ್ನು ಆ ಶಿಬಿರಕ್ಕೆ ಕಳುಹಿಸಬೇಡಿ. ಕಟ್ಟಿದ ಶುಲ್ಕ ಹೋದರೆ ಹೋಗಲಿ.

ಏಕಾಏಕಿ ನೀರಿಗೆ ಬಿದ್ದ ಮಗು ಗಾಬರಿಯಿಂದ ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತದೆ. ಅಷ್ಟರಲ್ಲಿ ಮುಖ ನೀರಿನೊಳಗೆ ಹೋಗಿರುತ್ತದೆ. ಗಂಟಲಿಗೆ ನೀರು ತಾಗಿದೊಡನೆ ಶ್ವಾಸನಾಳದ ಬಾಯಿ ಬಿಗಿದುಕೊಂಡು ಉಸಿರು ಕಟ್ಟುತ್ತದೆ. ಈಜಿಗೆ ಬೇಕಾದದ್ದು ಇದರ ತದ್ವಿರುದ್ಧ. ಮುಖ ನೀರಿಗಿಳಿದಾಗ ಉಸಿರು ಮೂಗು ಬಾಯಿಯಿಂದ ನಿಧಾನವಾಗಿ ಹೊರಗೆ ಹೋಗಬೇಕು. ಇಷ್ಟನ್ನು ಕಲಿತ ಮಗುವಿನ ಮೈ ತಾನಾಗಿ ಸಡಿಲವಾಗುತ್ತದೆ, ಸಡಿಲವಾದ ಮೈ ತೇಲುತ್ತದೆ. ಎತ್ತಿ ಹಾಕುವವರು ಮಗುವಿಗೆ ಕಲಿಸಿದ್ದು ಉಸಿರು ಬಿಗಿಹಿಡಿಯುವುದನ್ನು. ಅದರ ಜೊತೆಗೆ, ಹಿಡಿದ ಕೈ ಯಾವಾಗ ಬೇಕಾದರೂ ಬಿಟ್ಟುಹೋಗುತ್ತದೆ ಎಂಬುದನ್ನು. ಈ ಎರಡನ್ನೂ ಮರೆಸುವುದು ಹೊಸದಾಗಿ ಈಜು ಕಲಿಸುವುದಕ್ಕಿಂತ ಕಷ್ಟದ ಕೆಲಸ.

ಗುರುತಿಸುವುದಕ್ಕೆ ನನಗೆ ಗೊತ್ತಿರುವ ನಂಬುವಂಥ ದಾರಿ ಒಂದೇ: ಸೇರಿಸುವ ಮುನ್ನ ಒಂದು ತರಗತಿಯನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡುವುದು. ನೋಡಲು ಬಿಡದ ಕಡೆ ಸೇರಿಸುವುದೇ ಬೇಡ. ಮಕ್ಕಳು ಎಷ್ಟು ಚೆನ್ನಾಗಿ ಕಾಲು ಬಡಿಯುತ್ತಾರೆ ಎಂದು ನೋಡಬೇಡಿ, ಕಲಿಸುವವರ ಕಣ್ಣು ಎಲ್ಲಿದೆ ಎಂದು ನೋಡಿ. ಒಂದು ಮಗುವಿನ ಕೈ ತಿದ್ದುತ್ತಿರುವಾಗಲೂ ಅವರ ನೋಟ ಉಳಿದ ಮಕ್ಕಳ ತಲೆಗಳ ಮೇಲೆ ಹಾದು ಬರುತ್ತಲೇ ಇರಬೇಕು. ಯಾವ ಮಗುವೂ ತಮ್ಮ ಬೆನ್ನ ಹಿಂದೆ ಉಳಿಯದಂತೆ ನಿಲ್ಲುವವರು ಕೆಲಸ ಬಲ್ಲವರು. ಕೈಯಲ್ಲಿ ಮೊಬೈಲ್ ಕಂಡರೆ ಅಲ್ಲಿಂದಲೇ ಎದ್ದು ಬನ್ನಿ.

ಆರು ವರ್ಷದೊಳಗಿನ ಮಕ್ಕಳಿಗೆ ಕಲಿಸುವವರು ನೀರಿನೊಳಗೆ ಇರಬೇಕು. ದಡದ ಮೇಲೆ ನಿಂತು ಸೀಟಿ ಊದುವುದು ಈಜು ಬಂದ ಮಕ್ಕಳಿಗೆ ಸಾಕು, ಈ ವಯಸ್ಸಿಗೆ ಸಾಲದು. ಅವರು ಮಾತಿಗೆ ತಪ್ಪುತ್ತಾರೆಯೇ ಎಂಬುದನ್ನೂ ಗಮನಿಸಿ. “ಮೂರು ಎಣಿಸುವವರೆಗೆ ಬಿಡುವುದಿಲ್ಲ” ಎಂದು ಹೇಳಿ ಎರಡಕ್ಕೇ ಕೈ ಸಡಿಲಿಸುವುದನ್ನು ಅನೇಕರು ಜಾಣತನ ಎಂದುಕೊಂಡಿದ್ದಾರೆ. ಮಗು ಮಾತ್ರ ಅದನ್ನು ಮರೆಯುವುದಿಲ್ಲ.

ನಿಮ್ಮ ಮಗಳಿಗೆ ಸದ್ಯ ಈಜುಕೊಳ ಬೇಡ. ಸ್ನಾನದ ಹೊತ್ತಿನಲ್ಲಿ ಚೊಂಬನ್ನು ಅವಳ ಕೈಗೇ ಕೊಡಿ. ಮೊದಲು ಭುಜಕ್ಕೆ, ಆಮೇಲೆ ಕತ್ತಿಗೆ, ಇಷ್ಟವಾದ ದಿನ ತಲೆಗೆ ಅವಳೇ ಸುರಿದುಕೊಳ್ಳಲಿ. ಆಮೇಲೆ ಬೇರೆ ಕೊಳಕ್ಕೆ ಕರೆದುಕೊಂಡು ಹೋಗಿ ಬರೀ ಮೆಟ್ಟಿಲ ಮೇಲೆ ಕೂರಿಸಿ. ಬೆಂಗಳೂರಿನ ಧಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಾಗ ಅವಳಿಗೆ 14 ವರ್ಷ. ಚಿಕ್ಕಂದಿನಲ್ಲಿ ನೀರಿಗಿಳಿಯಲು ತನಗೆ ಹೆದರಿಕೆಯಿತ್ತು ಎಂದು ಅವಳೇ ಹೇಳಿಕೊಂಡಿದ್ದಾಳೆ. ಹೆದರುವ ಮಗು ಈಜಲಾರದ ಮಗು ಎಂದು ಯಾರೂ ತೀರ್ಮಾನಿಸಬೇಕಾಗಿಲ್ಲ.

ಪ್ರಶ್ನೆ (ತುಮಕೂರಿನ ಒಬ್ಬ ತಾಯಿ): ಮಗನಿಗೆ ಎರಡೂವರೆ ವರ್ಷ. ಈಗಲೇ ಕಲಿಸಬಹುದೇ?

ಉತ್ತರ: ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಂದು ವರ್ಷ ತುಂಬಿದ ಮೇಲೆ ಆರಂಭಿಸಬಹುದು ಎನ್ನುತ್ತದೆ, ನಾಲ್ಕರ ಹೊತ್ತಿಗೆ ಹೆಚ್ಚಿನ ಮಕ್ಕಳು ಪಾಠಕ್ಕೆ ಸಿದ್ಧವಾಗಿರುತ್ತಾರೆ ಎಂದೂ ಹೇಳುತ್ತದೆ. ಎರಡೂವರೆಗೆ ನೀವೋ ಅವನ ಅಪ್ಪನೋ ಜೊತೆಗೆ ನೀರಿಗಿಳಿಯುವ ತರಗತಿಯಾದರೆ ಮಾತ್ರ ಸೇರಿಸಿ. ತುಟಿ ನೀಲಿಯಾಗಿ ನಡುಕ ಬಂದರೆ ಪಾಠ ಅಲ್ಲಿಗೇ ಮುಗಿಯಬೇಕು, ಅರ್ಧ ಗಂಟೆ ಆಗಿರಲಿ, ಆಗದಿರಲಿ. ಪುಟ್ಟ ಮೈ ದೊಡ್ಡವರಿಗಿಂತ ಬೇಗ ಶಾಖ ಕಳೆದುಕೊಳ್ಳುತ್ತದೆ.

ಪ್ರಶ್ನೆ (ಬೆಂಗಳೂರಿನ ಒಬ್ಬ ತಂದೆ): ನಮ್ಮ ಬಡಾವಣೆಯ ಕೊಳದಲ್ಲಿ ಕಲಿಸುವವರು ರಾಜ್ಯ ಮಟ್ಟದ ಪದಕ ಗೆದ್ದವರು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ತರಬೇತುದಾರರ ಪ್ರಮಾಣಪತ್ರವೂ ಇದೆ. ಬ್ಯಾಚಿನಲ್ಲಿ ಹದಿನೈದು ಮಕ್ಕಳಿದ್ದಾರೆ, ಎಲ್ಲರೂ ಐದಾರು ವರ್ಷದವರು. ಇಷ್ಟು ಅರ್ಹತೆ ಇರುವವರ ಬಗ್ಗೆ ಯೋಚಿಸಬೇಕೇ?

ಉತ್ತರ: ಪದಕಕ್ಕೆ ಗೌರವವಿದೆ ಸರ್, ಅದರ ಹಿಂದಿನ ದುಡಿಮೆ ನನಗೆ ಗೊತ್ತು. ಪಟಿಯಾಲದ ಸಂಸ್ಥೆಯ ತರಬೇತಿಯೂ ದೊಡ್ಡದು. ಆದರೆ ಅದರ ಗುರಿ ಸ್ಪರ್ಧೆ. ಸೆಕೆಂಡಿನ ಭಾಗಗಳನ್ನು ಉಳಿಸುವುದು ಹೇಗೆಂದು ಬಲ್ಲವರು, ಕಂಬಿಯನ್ನು ಬಿಡಲೊಲ್ಲದ ಐದು ವರ್ಷದ ಮಗುವಿನ ಬೆರಳುಗಳನ್ನು ಬಿಡಿಸಲೂ ಬಲ್ಲರು ಎಂದು ಹೇಳಲಾಗದು. ಕೆಲವರಿಗೆ ಎರಡೂ ಬರುತ್ತದೆ.

ನನ್ನನ್ನು ಕಾಡುವುದು ಹದಿನೈದು ಎಂಬ ಸಂಖ್ಯೆ. ಈಜು ಬಾರದ ಐದು ವರ್ಷದ ಮಕ್ಕಳಾದರೆ ಒಬ್ಬರಿಗೆ ನಾಲ್ಕು, ಹೆಚ್ಚೆಂದರೆ ಐದು. ಮುಳುಗುವ ಮಗು ಸದ್ದು ಮಾಡುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಕೂಗಾಟ, ಕೈ ಬೀಸಾಟ ಇರುವುದಿಲ್ಲ. ಕೂಗಲು ಉಸಿರು ಬೇಕು, ಆ ಮಗುವಿಗೆ ಉಸಿರೇ ಇರುವುದಿಲ್ಲ. ನೆಟ್ಟಗೆ ನಿಂತ ಹಾಗೆ ಕಾಣುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟಕ್ಕೆ ಬಂದು ಮತ್ತೆ ಕೆಳಗೆ ಹೋಗುತ್ತದೆ, ಕೈಗಳು ಅಕ್ಕಪಕ್ಕದ ನೀರನ್ನು ಒತ್ತುತ್ತಿರುತ್ತವೆ. ಒಂದು ನಿಮಿಷದೊಳಗೆ ಎಲ್ಲವೂ ಮುಗಿಯುತ್ತದೆ. ಹದಿನೈದು ಮಕ್ಕಳು ನೀರೆರಚಾಡುವ ಗದ್ದಲದಲ್ಲಿ, ಒಬ್ಬ ಹುಡುಗನ ಕಾಲು ತಿದ್ದುತ್ತಿರುವ ವ್ಯಕ್ತಿಗೆ ಇದು ಕಾಣುವುದು ಕಷ್ಟ. ಆದ್ದರಿಂದಲೇ ಕಲಿಸುವವರಲ್ಲದೆ ಬೇರೊಬ್ಬ ಜೀವರಕ್ಷಕ ದಡದಲ್ಲಿ ಇರಬೇಕು, ಮತ್ತು ಅವರಿಗೆ ಅದೊಂದೇ ಕೆಲಸ ಇರಬೇಕು.

ಇನ್ನೊಂದು ಪ್ರಶ್ನೆಯನ್ನು ಮುಲಾಜಿಲ್ಲದೆ ಕೇಳಿ: “ಉಸಿರು ನಿಂತ ಮಗುವನ್ನು ನೀರಿನಿಂದ ತೆಗೆದರೆ ಮೊದಲು ಏನು ಮಾಡುತ್ತೀರಿ?” ತಲೆಕೆಳಗೆ ಹಿಡಿಯುತ್ತೇವೆ, ಹೊಟ್ಟೆ ಒತ್ತಿ ನೀರು ತೆಗೆಯುತ್ತೇವೆ ಎಂಬ ಉತ್ತರ ಬಂದರೆ ಮಗುವನ್ನು ಅವರ ಕೈಗೆ ಕೊಡಬೇಡಿ. ಹೊಟ್ಟೆ ಒತ್ತಿದರೆ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಸೇರಬಹುದು, ಅಮೂಲ್ಯವಾದ ಹೊತ್ತೂ ಕಳೆದುಹೋಗುತ್ತದೆ. ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರು. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದರಿಂದ ಆರಂಭಿಸಿ ಎದೆ ಒತ್ತಬೇಕು, ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಿರಬೇಕು. ಇದನ್ನು ಗೊಂಬೆಯ ಮೇಲೆ ಅಭ್ಯಾಸ ಮಾಡಿದವರು ಕೇಳಿದ ತಕ್ಷಣ ತಡವರಿಸದೆ ಹೇಳುತ್ತಾರೆ.

ಪ್ರಶ್ನೆ (ಶಿವಮೊಗ್ಗ ಜಿಲ್ಲೆಯ ಹಿರಿಯರೊಬ್ಬರು): ತಾಯಿ, ನಮ್ಮ ಕಾಲದಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಅಪ್ಪ ತಳ್ಳಿದರು, ನಾವು ಈಜಿದೆವು. ಈಗ ಇಷ್ಟೆಲ್ಲ ನಾಜೂಕು ಬೇಕೇ?

ಉತ್ತರ: ನೀವು ಹೇಳಿದ ಬಾವಿಯ ಪಾಠದಲ್ಲಿ ಬಹಳ ಒಳ್ಳೆಯ ಸಂಗತಿಗಳಿದ್ದವು. ಒಂದು ಮಗುವಿಗೆ ಒಬ್ಬ ದೊಡ್ಡವರು. ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಅವರ ಕೈಯಲ್ಲಿ. ಅವರು ಅಪ್ಪನೋ ಚಿಕ್ಕಪ್ಪನೋ ಆಗಿರುತ್ತಿದ್ದರು, ಮಗುವಿಗೆ ಅವರ ಮೇಲೆ ಮೊದಲೇ ನಂಬಿಕೆ ಇರುತ್ತಿತ್ತು. ದಿನ ಕಳೆದಂತೆ ಬುರುಡೆಯನ್ನು ಚಿಕ್ಕದು ಮಾಡುತ್ತ ಬಂದು ಕೊನೆಗೆ ಬಿಚ್ಚುತ್ತಿದ್ದರು. ಇಂದಿನ ಶಿಬಿರಗಳಲ್ಲಿ ತಳ್ಳುವುದು ಮಾತ್ರ ಉಳಿದಿದೆ, ಹಗ್ಗ ಹಿಡಿದ ಕೈ ಇಲ್ಲ. ಅದಕ್ಕೇ ನಾನು ವಿರೋಧಿಸುತ್ತೇನೆ.

ಮತ್ತೊಂದು ಮಾತು. ಆ ಕಾಲದಲ್ಲಿ ಈಜಿ ಬಂದವರು ಇಂದು ಕಥೆ ಹೇಳುತ್ತಿದ್ದಾರೆ, ಬಾರದವರ ಮನೆಗಳು ಪ್ರತಿ ಊರಿನಲ್ಲೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು.

ಅದೇ ಪ್ರಶ್ನೆಗೆ ಪೂರಕವಾಗಿ (ಉಡುಪಿಯ ಒಬ್ಬ ತಾಯಿ): ಹಾಗಾದರೆ ತೋಳಿಗೆ ಹಾಕುವ ಗಾಳಿಯ ಬಲೂನುಗಳು ಸೋರೆಬುರುಡೆಯಂತೆಯೇ ಅಲ್ಲವೇ?

ಉತ್ತರ: ಅಲ್ಲ. ಸೊಂಟಕ್ಕೆ ಕಟ್ಟಿದ ಬುರುಡೆ ಮಗುವನ್ನು ಮಲಗಿದ ಭಂಗಿಗೆ ತರುತ್ತದೆ, ಈಜುವುದೂ ಆ ಭಂಗಿಯಲ್ಲೇ. ತೋಳಿನ ಬಲೂನು ಮಗುವನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತದೆ, ಮುಳುಗುವುದು ಆ ಭಂಗಿಯಲ್ಲಿ. ಅದು ಜಾರುತ್ತದೆ, ತೂತು ಬೀಳುತ್ತದೆ. ಎಲ್ಲಕ್ಕಿಂತ ಅಪಾಯವೆಂದರೆ, ತನಗೆ ಈಜು ಬರುತ್ತದೆ ಎಂದು ನಂಬಿದ ಮಗು ಒಂದು ದಿನ ಬಲೂನಿಲ್ಲದೆ ಧುಮುಕಿಬಿಡುತ್ತದೆ.

ಪ್ರಶ್ನೆ (ಹೆಸರು ಬೇಡ ಎಂದ ಒಬ್ಬ ತಾಯಿ): ಮಗಳಿಗೆ ಏಳು ವರ್ಷ. ಕಲಿಸುವವರು ಗಂಡಸರು. ಒಳ್ಳೆಯವರಂತೆ ಕಾಣುತ್ತಾರೆ. ಆದರೂ ಮನಸ್ಸಿಗೆ ಸಮಾಧಾನವಿಲ್ಲ, ಕೇಳಲು ಸಂಕೋಚ.

ಉತ್ತರ: ಸಂಕೋಚ ಬೇಡ, ಒಳ್ಳೆಯ ತರಬೇತುದಾರರಿಗೆ ಇಂಥ ಪ್ರಶ್ನೆಯಿಂದ ಬೇಸರವಾಗುವುದಿಲ್ಲ. ಈಜು ಕಲಿಸುವಾಗ ಮುಟ್ಟದೆ ಆಗುವುದಿಲ್ಲ. ಆದರೆ ಮುಟ್ಟುವ ಜಾಗಗಳು ನಿಶ್ಚಿತ: ಬೆನ್ನ ಮೇಲೆ ತೇಲಿಸುವಾಗ ತಲೆಯ ಹಿಂಭಾಗ ಮತ್ತು ಭುಜಗಳ ನಡುವೆ ಅಂಗೈ, ಮುಂದಕ್ಕೆ ಎಳೆಯುವಾಗ ಮುಂಗೈ, ಕಾಲು ತಿದ್ದುವಾಗ ಮೊಣಕಾಲು ಮತ್ತು ಪಾದ. “ಈಗ ನಿನ್ನ ಬೆನ್ನಿನ ಕೆಳಗೆ ಕೈ ಇಡುತ್ತೇನೆ” ಎಂದು ಮೊದಲು ಹೇಳಿ ಆಮೇಲೆ ಇಡಬೇಕು. ಮಗು ಬೇಡ ಎಂದರೆ ಕೈ ಹಿಂದಕ್ಕೆ ಹೋಗಬೇಕು. ಬಟ್ಟೆ ಬದಲಿಸುವ ಕೋಣೆಗೆ ಯಾವ ತರಬೇತುದಾರರೂ ಬರಬಾರದು, ಹೆಂಗಸರಾದರೂ ಅಷ್ಟೇ. ಅಲ್ಲಿಗೆ ನೀವೇ ಹೋಗಿ. ಅನುಮತಿಯಿಲ್ಲದೆ ಫೋಟೊ ತೆಗೆಯುವುದನ್ನು ಒಪ್ಪಬೇಡಿ. ಮಗಳು ಏನಾದರೂ ಹೇಳಿದರೆ ನಂಬಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯಿದೆ ಇಂಥ ಸಂದರ್ಭಕ್ಕಾಗಿಯೇ ಇದೆ, ಮಕ್ಕಳ ಸಹಾಯವಾಣಿ 1098.

ಪ್ರಶ್ನೆ (ಹುಬ್ಬಳ್ಳಿಯ ಯುವ ತರಬೇತುದಾರ): ಮೇಡಂ, ನಾನು ಕಲಿಸಲು ಆರಂಭಿಸಿ ಒಂದು ವರ್ಷವಾಯಿತು. ಅಳುವ ಮಗು ಬಂದರೆ ಉಳಿದವರ ಪಾಠವೂ ನಿಲ್ಲುತ್ತದೆ, ಪೋಷಕರು “ಇನ್ನೂ ಕಾಲು ಬಡಿಯುವುದನ್ನೇ ಕಲಿಸಿಲ್ಲ” ಎನ್ನುತ್ತಾರೆ. ಮೊದಲ ವಾರ ಏನು ಮಾಡಬೇಕು?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ತುಂಬ ಸಂತೋಷವಾಯಿತು ತಮ್ಮ.

ಮೊದಲು ನೀರಿನಲ್ಲಿ ಮಂಡಿ ಮಡಿಸಿ ಕುಳಿತುಕೋ, ನಿನ್ನ ಗಲ್ಲ ನೀರಿಗೆ ತಾಗಬೇಕು. ಆಗ ಮೆಟ್ಟಿಲ ಮೇಲೆ ಕುಳಿತ ಮಗುವಿನ ಕಣ್ಣು ನಿನ್ನ ಕಣ್ಣಿಗಿಂತ ಮೇಲಿರುತ್ತದೆ. ಎದೆಮಟ್ಟದ ನೀರಿನಲ್ಲಿ ನೆಟ್ಟಗೆ ನಿಂತು “ಬಾ ಬಾ” ಎನ್ನುವ ದೊಡ್ಡ ಮನುಷ್ಯನ ಹತ್ತಿರ ಯಾವ ಮಗುವೂ ಬರುವುದಿಲ್ಲ. ಒಂದು ಪ್ಲಾಸ್ಟಿಕ್ ಚೆಂಡನ್ನು ನೀರಿನ ಮೇಲೆ ತೇಲಿಬಿಡು. ಬಿಸಿ ಹಾಲು ಆರಿಸುವ ಹಾಗೆ ಊದಿ ಅದನ್ನು ನನ್ನ ಕಡೆ ಕಳಿಸು ಎಂದು ಹೇಳು. ಊದುತ್ತ ಊದುತ್ತ ಮಗುವಿನ ತುಟಿ ನೀರಿಗೆ ತಾಗುತ್ತದೆ, ಗುಳುಗುಳು ಎಂದು ಗುಳ್ಳೆ ಬರುತ್ತದೆ, ನಗು ಬರುತ್ತದೆ. ಈಜಿನ ಉಸಿರಾಟದ ಮೊದಲ ಪಾಠ ಅಲ್ಲಿಗೆ ಆಯಿತು. ಮೂಗಿನಿಂದ ಗುಳ್ಳೆ ಬಿಡಲು ಬಾರದ ಮಗುವಿಗೆ ಬಾಯಿ ಮುಚ್ಚಿ “ಮ್ಮ್” ಎಂದು ಗುನುಗಲು ಹೇಳು, ಗಾಳಿ ತಾನಾಗಿ ಮೂಗಿನಿಂದ ಹೋಗುತ್ತದೆ.

ಬೆನ್ನ ಮೇಲೆ ತೇಲಿಸುವಾಗ ಮಕ್ಕಳು ಥಟ್ಟನೆ ಎದ್ದು ಕೂರುವ ಕಾರಣ ಹೆಚ್ಚಾಗಿ ಕಿವಿ. ಕಿವಿ ನೀರಿಗಿಳಿದೊಡನೆ ಹೊರಗಿನ ಸದ್ದೆಲ್ಲ ಮಾಯವಾಗಿ ಒಳಗೊಂದು ಗುಂಯ್‌ಗುಡುವಿಕೆ ಕೇಳುತ್ತದೆ, ನಿನ್ನ ಮಾತೂ ಕೇಳುವುದಿಲ್ಲ. ಅದನ್ನು ಮೊದಲೇ ಹೇಳು. ಒಂದು ಕಿವಿಯನ್ನು ಮಾತ್ರ ಅದ್ದಿ “ಏನು ಕೇಳಿಸಿತು?” ಎಂದು ಕೇಳು. ತೇಲಿಸುವಾಗ ನಿನ್ನ ಮುಖ ಅದರ ಮುಖದ ಮೇಲೆಯೇ ಕಾಣುತ್ತಿರಲಿ.

ಅಳುವ ಮಗುವನ್ನು ಹೊರಗೆ ಕಳಿಸಬೇಡ, ಮೆಟ್ಟಿಲ ಮೇಲೆ ಕೂರಿಸಿ ಚೆಂಡು ಎಣಿಸುವ ಕೆಲಸ ಕೊಡು. ಹೆಚ್ಚಿನವರು ತಾವೇ ಇಳಿದು ಬರುತ್ತಾರೆ. ಉಸಿರು ಹಿಡಿಯುವ ಪಂದ್ಯವನ್ನು ಮಾತ್ರ ಎಂದಿಗೂ ಆಡಿಸಬೇಡ. ನೀರಿನೊಳಗೆ ಉಸಿರು ಹಿಡಿದವರು ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಬಹುದು. ಪೋಷಕರಿಗೆ ಹೇಳು: ಉಸಿರು ಬಿಡಲು ಬಾರದ ಮಗು ತಲೆ ಎತ್ತಿಕೊಂಡೇ ಕಾಲು ಬಡಿಯುತ್ತದೆ, ತಲೆ ಎತ್ತಿದಷ್ಟೂ ಸೊಂಟ ಕೆಳಗಿಳಿಯುತ್ತದೆ, ಎಷ್ಟು ಬಡಿದರೂ ಮುಂದೆ ಹೋಗುವುದಿಲ್ಲ. ಒಂದು ವಾರ ಕಾಯಲು ಅವರನ್ನು ಒಪ್ಪಿಸುವುದೂ ನಮ್ಮ ಕೆಲಸವೇ.

ಪ್ರಶ್ನೆ (ಹಾವೇರಿ ಬಳಿಯ ಒಬ್ಬ ರೈತರು): ನಮ್ಮ ಹೊಲದಲ್ಲಿ ಕೃಷಿ ಹೊಂಡವಿದೆ. ಅದಕ್ಕಾಗಿಯೇ ಎಂಟು ವರ್ಷದ ಮಗನಿಗೆ ಪೇಟೆಯಲ್ಲಿ 21 ದಿನ ಈಜು ಕಲಿಸಿದೆ. ಪ್ರಮಾಣಪತ್ರ ಕೊಟ್ಟರು. ಈಜು ಬಂತು ಎಂದು ನಂಬಬಹುದೇ?

ಉತ್ತರ: ಪ್ರಮಾಣಪತ್ರ ನೋಡಿ ನಂಬಬೇಡಿ ಅಣ್ಣ, ಪರೀಕ್ಷಿಸಿ ನಂಬಿ. ತರಬೇತುದಾರರು ನೀರಿನಲ್ಲಿ ಪಕ್ಕದಲ್ಲೇ ಇರುವಾಗ, ಹುಡುಗ ದಿನವೂ ಹಾಕುವ ಅಂಗಿ ಚಡ್ಡಿಯಲ್ಲೇ ದಡದಿಂದ ನೀರಿಗೆ ಜಾರಲಿ. ಮೇಲೆ ಬಂದು, ದಡದ ಕಡೆ ತಿರುಗಿ, ಬೆನ್ನ ಮೇಲೆ ತೇಲುತ್ತ ಉಸಿರು ಸುಧಾರಿಸಿಕೊಂಡು, ದಡ ಮುಟ್ಟಿ, ಏಣಿಯ ಸಹಾಯವಿಲ್ಲದೆ ಹತ್ತಿ ಬರಬೇಕು. ನೆನೆದ ಬಟ್ಟೆ ಎಷ್ಟು ಎಳೆಯುತ್ತದೆ ಎಂಬುದು ಆಗ ಅವನಿಗೆ ಗೊತ್ತಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಈಜು ಪರೀಕ್ಷೆಯ ಒಂದು ಭಾಗ ಬಟ್ಟೆ ತೊಟ್ಟೇ ನಡೆಯುತ್ತದೆ. ನಿಮ್ಮ ತರಬೇತುದಾರರನ್ನು ಕೇಳಿ, ಒಳ್ಳೆಯವರಾದರೆ ಸಂತೋಷದಿಂದ ಮಾಡಿಸುತ್ತಾರೆ.

ಆದರೆ ಕೃಷಿ ಹೊಂಡದ ವಿಷಯ ಬೇರೆ. ಅದರ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ನೆನೆದಾಗ ಕಾಲು ನಿಲ್ಲುವುದಿಲ್ಲ, ಈಜು ಬಲ್ಲ ದೊಡ್ಡವರೂ ಹತ್ತಲಾರದೆ ಸೋತಿದ್ದಾರೆ. ಮಗನಿಗೆ ಈಜು ಬಂದರೂ ಸುತ್ತ ತಂತಿ ಬೇಲಿ ಹಾಕಿಸಿ. ನಾಲ್ಕೂ ಬದಿಯಲ್ಲಿ ಗಂಟು ಹಾಕಿದ ದಪ್ಪ ಹಗ್ಗವನ್ನು ಗೂಟಕ್ಕೆ ಬಿಗಿದು ನೀರಿನ ತನಕ ಇಳಿಬಿಡಿ. ಗಾಳಿ ತುಂಬಿದ ಹಳೆಯ ಟ್ಯೂಬೊಂದನ್ನು ಅಲ್ಲಿಯೇ ಕಟ್ಟಿಡಿ. ಯಾರಾದರೂ ಬಿದ್ದರೆ ತಾನು ಧುಮುಕಬಾರದು, ಟ್ಯೂಬ್ ಎಸೆದು ಕೂಗಬೇಕು ಎಂದು ಮಗನಿಗೆ ಈ ವಾರವೇ ಹೇಳಿಕೊಡಿ.