ಕಾರಿನ ಹೀಟರ್ ಬಿಸಿ ಗಾಳಿ ಕೊಡುತ್ತಿಲ್ಲ, ಕಡಿಮೆ ಖರ್ಚಲ್ಲಿ ನಾನೇ ಸರಿ ಮಾಡಬಹುದಾ?

ಕೋಥ್ರೂಡ್ ಹುಬ್ಬಳ್ಳಿ:

ನಮಸ್ಕಾರ. ನನ್ನದು 2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್. ಎಸಿ ಮ್ಯಾನುವಲ್, ಅಂದರೆ ನಾಬ್ ತಿರುಗಿಸಿ ನೀಲಿಯಿಂದ ಕೆಂಪಿಗೆ ತರುವಂಥದ್ದು. ಎಸಿ ಚೆನ್ನಾಗೇ ಇದೆ. ಹೀಟರ್ ಮಾತ್ರ ಕೈಕೊಟ್ಟಿದೆ. ನಾಬ್ ಪೂರ್ತಿ ಕೆಂಪಿಗೆ ತಂದು ಅರ್ಧ ಗಂಟೆ ಓಡಿಸಿದರೂ ಬರುವುದು ಉಗುರು ಬೆಚ್ಚಗಿನ ಗಾಳಿ ಅಷ್ಟೇ.

ಪುಣೆಯಲ್ಲಿ ಹೀಟರ್ ಯಾಕಪ್ಪಾ ಅಂತ ನಗಬೇಡಿ. ಊರಿಗೆ ಹೊರಡುವುದು ನಸುಕಿನಲ್ಲಿ, ಜೊತೆಗೆ ಮಂಡಿ ನೋವಿನ ಅಮ್ಮ ಇರುತ್ತಾರೆ, ಡಿಸೆಂಬರ್-ಜನವರಿಯಲ್ಲಿ ಇಲ್ಲಿ 10 ಡಿಗ್ರಿಗಿಂತ ಕೆಳಗೆ ಇಳಿಯುವ ಬೆಳಗುಗಳಿವೆ, ಕಾತ್ರಜ್ ಸುರಂಗ ದಾಟಿ ಖಂಬಾಟ್ಕಿ ಘಾಟ್ ಹತ್ತುವವರೆಗೂ ಅವರು ಶಾಲು ಹೊದ್ದು ಮುದುಡಿಕೊಂಡೇ ಕೂತಿರುತ್ತಾರೆ.

ಮನೆ ಹತ್ತಿರದ ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ, ಡ್ಯಾಶ್‌ಬೋರ್ಡ್ ಬಿಚ್ಚಿ ಹೀಟರ್ ಕೋರ್ ಬದಲಿಸಬೇಕು, ಒಂಬತ್ತು ಸಾವಿರ ಆಗುತ್ತದೆ ಅಂದರು. ಸದ್ಯ ಅಷ್ಟು ಹಣ ಇಲ್ಲ. ಸಾವಿರ, ಹೆಚ್ಚೆಂದರೆ ಒಂದೂವರೆ ಸಾವಿರದಲ್ಲಿ ಮುಗಿಯಬೇಕು. ಸ್ಪ್ಯಾನರ್ ಸೆಟ್, ಸ್ಕ್ರೂಡ್ರೈವರ್, ಪಕ್ಕಡ್ ಇವೆ. ಕೈ ಕೊಳೆ ಆದರೂ ಪರವಾಗಿಲ್ಲ. ಎಲ್ಲಿಂದ ಶುರು ಮಾಡಲಿ? ಆನ್‌ಲೈನಲ್ಲಿ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ ಪುಟ್ಟ ಹೀಟರ್ ಸಿಗುತ್ತವಲ್ಲ, ಅದನ್ನೇ ತಗೊಂಡುಬಿಡಲಾ ಅಂತಲೂ ಯೋಚನೆ ಇದೆ.

ನಾನಾ ಪೇಠ್ ನಂಟ:

ಮೊದಲು ಆ ಸಾಕೆಟ್ ಹೀಟರ್ ವಿಷಯ ಮುಗಿಸೋಣ. ಆ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್ ಇರುತ್ತದೆ. 12 ವೋಲ್ಟ್ ಇಂಟು 15 ಆಂಪಿಯರ್ ಅಂದರೆ 180 ವ್ಯಾಟ್. ಮನೆಯ ಹೇರ್ ಡ್ರೈಯರ್ ಕೂಡ ಇದರ ಐದಾರು ಪಟ್ಟು ತಿನ್ನುತ್ತದೆ. ಕಾರಿನ ಒಳಗೆ ಇದರಿಂದ ಏನೂ ಬೆಚ್ಚಗಾಗುವುದಿಲ್ಲ, ವೈರ್ ಬಿಸಿಯಾಗುವುದೇ ಲಾಭ. ದುಡ್ಡು ಹಾಳು ಮಾಡಬೇಡಿ.

ಈಗ ಅಸಲಿ ಹೀಟರ್. ಇದಕ್ಕೆ ಬೇರೆ ಇಂಧನ ಇಲ್ಲ, ಕಾಯಿಲ್ ಇಲ್ಲ. ಎಂಜಿನ್ ತಣ್ಣಗಿಡಲು ಸುತ್ತುವ ಕೂಲೆಂಟ್ ಇದೆಯಲ್ಲ, ಅದರಲ್ಲಿ ಸ್ವಲ್ಪ ಭಾಗ ಎರಡು ರಬ್ಬರ್ ಹೋಸ್ ಮೂಲಕ ಡ್ಯಾಶ್‌ಬೋರ್ಡಿನ ಒಳಗಿರುವ ಪುಟ್ಟ ರೇಡಿಯೇಟರ್‌ಗೆ ಹೋಗಿ ವಾಪಸ್ ಬರುತ್ತದೆ. ಆ ಪುಟ್ಟ ರೇಡಿಯೇಟರ್ರೇ ಹೀಟರ್ ಕೋರ್. ಬ್ಲೋವರ್ ಅದರ ಮೇಲೆ ಗಾಳಿ ಬೀಸುತ್ತದೆ. ನಾಬ್ ತಿರುಗಿಸಿದಾಗ ಒಂದು ಕೇಬಲ್ ಎಳೆದು ಒಳಗಿನ ಫ್ಲಾಪ್ ಸರಿಯುತ್ತದೆ, ಗಾಳಿ ಕೋರ್ ಕಡೆಗೆ ತಿರುಗುತ್ತದೆ. ಕೆಲವು ಕಾರುಗಳಲ್ಲಿ ಹೋಸ್ ಮಧ್ಯೆ ಒಂದು ವಾಲ್ವ್ ಕೂಡ ಇರುತ್ತದೆ. ಇಷ್ಟೇ ಯಂತ್ರ. ಇದಕ್ಕಾಗಿ ಮೊದಲ ದಿನವೇ ಡ್ಯಾಶ್‌ಬೋರ್ಡ್ ಬಿಚ್ಚುವುದು ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಕಾಸಿನ ಖರ್ಚಿಲ್ಲದ ಪರೀಕ್ಷೆ ಇದು. ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಕೂಲೆಂಟ್ ಎಷ್ಟಿದೆ, ಯಾವ ಬಣ್ಣ ಇದೆ ನೋಡಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿ ತುಂಬಿದೆ ಅಂತ ನಂಬಬೇಡಿ, ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದುಂಟು. ಬಿಸಿ ಎಂಜಿನ್ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ, ಒಳಗೆ ಒತ್ತಡ ಇರುತ್ತದೆ, ಮುಖಕ್ಕೆ ಎರಚುತ್ತದೆ. ಮುಚ್ಚಳ ಹಾಕಿ ಒಂದು ರೌಂಡ್ ಓಡಿಸಿ ಬನ್ನಿ. ಹೀಟರ್ ಫುಲ್ ಕೆಂಪಿನಲ್ಲಿರಲಿ. ಬಂದು ಬಾನೆಟ್ ಎತ್ತಿ, ಎಂಜಿನ್ ಹಿಂದೆ, ಕಾರಿನ ಒಳಗೆ ಹೋಗುವ ಗೋಡೆಯ ಹತ್ತಿರ, ಹೆಬ್ಬೆರಳಿನ ದಪ್ಪದ ಎರಡು ಹೋಸ್ ಒಟ್ಟಿಗೆ ಒಳಗೆ ಹೋಗಿರುತ್ತವೆ. ಬಟ್ಟೆ ಹಿಡಿದು ಎರಡನ್ನೂ ಮುಟ್ಟಿ ನೋಡಿ, ಫ್ಯಾನ್ ಮತ್ತು ಬೆಲ್ಟ್ ಕಡೆ ಕೈ ಹೋಗದಂತೆ ಹುಷಾರು.

ಎರಡೂ ಸುಡುತ್ತಿದ್ದರೆ ನೀರಿನ ಕಡೆ ಸಮಸ್ಯೆ ಇಲ್ಲ, ಕೇಬಲ್ ಕಳಚಿದೆ ಅಥವಾ ಫ್ಲಾಪ್ ಸಿಕ್ಕಿಕೊಂಡಿದೆ. ಸ್ಟೀರಿಂಗ್ ಪಕ್ಕ ಕೆಳಗೆ ಟಾರ್ಚ್ ಹಿಡಿದು ಮಲಗಿ ನೋಡಿದರೆ ಕೇಬಲ್ ಕಾಣುತ್ತದೆ, ಕ್ಲಿಪ್ಪಿಗೆ ಸಿಕ್ಕಿಸಿದರೆ ಮುಗಿಯಿತು. ಎರಡೂ ಉಗುರು ಬೆಚ್ಚಗಿದ್ದರೆ ಕೂಲೆಂಟ್ ಕಡಿಮೆ, ಗಾಳಿ ಸೇರಿದೆ, ಇಲ್ಲವೇ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್, ತೆರೆದೇ ನಿಂತಿದೆ. ಥರ್ಮೋಸ್ಟಾಟ್ ಆಗಿದ್ದರೆ ಹೈವೇಯಲ್ಲಿ ಟೆಂಪರೇಚರ್ ಮುಳ್ಳು ಕೆಳಗೆ ಬೀಳುತ್ತದೆ, ಟ್ರಾಫಿಕ್ಕಲ್ಲಿ ನಿಂತಾಗ ಮೇಲೇರುತ್ತದೆ. ಪೆಟ್ರೋಲ್ ಕೂಡ ಜಾಸ್ತಿ ಕುಡಿಯುತ್ತದೆ, ಅದರಿಂದ ಅದನ್ನು ಹೀಟರ್ ಬೇಡ ಅನ್ನುವವರೂ ಸರಿ ಮಾಡಿಸಲೇಬೇಕು. ಒಂದು ಸುಡುತ್ತಿದೆ, ಇನ್ನೊಂದು ತಣ್ಣಗಿದೆ ಅಂದರೆ ಕೋರ್ ಕಟ್ಟಿಕೊಂಡಿದೆ ಅಥವಾ ವಾಲ್ವ್ ಮುಚ್ಚಿಕೊಂಡಿದೆ.

ಇಷ್ಟು ನೋಡಿ ಬಂದು ಹೇಳಿ. ಆಮೇಲೆ ಮುಂದಿನ ಮಾತು.

ಮಡಗಾಂವ್ ಮಳೆಗಾಲ:

ನಂಟರು ಹೇಳಿದ್ದು ಸರಿ. ನಾನು ಬೇರೆ ಒಂದು ವಿಷಯ ಸೇರಿಸುತ್ತೇನೆ. ಗೋವಾದಲ್ಲಿ ಚಳಿಗೆ ಅಂತ ಹೀಟರ್ ಹಾಕುವವರು ಯಾರೂ ಇಲ್ಲ, ಆದರೆ ಜುಲೈನಲ್ಲಿ ಬೆಳಗಾವಿಗೆ ಚೋರ್ಲಾ ಘಾಟ್ ಹತ್ತುವಾಗ ಗಾಜು ಮಂಜಾಗುತ್ತದಲ್ಲ, ಆಗ ಅದರ ಬೆಲೆ ಗೊತ್ತಾಗುತ್ತದೆ. ಎಷ್ಟೋ ಜನ ಎಸಿ ಆಫ್ ಮಾಡಿ ಬರೀ ಹೀಟರ್ ಹಾಕುತ್ತಾರೆ, ಇಲ್ಲ ಬಟ್ಟೆಯಲ್ಲಿ ಒರೆಸುತ್ತಾ ಓಡಿಸುತ್ತಾರೆ. ಎರಡೂ ಒಟ್ಟಿಗೆ ಹಾಕಬೇಕು ರೀ. ಎಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಅದೇ ಗಾಳಿಯನ್ನು ಬೆಚ್ಚಗೆ ಮಾಡಿ ಗಾಜಿಗೆ ಕಳಿಸುತ್ತದೆ. ಹೊರಗಿನ ಗಾಳಿ ಬರುವ ಮೋಡಿನಲ್ಲಿಡಿ, ಒಳಗಿನ ಗಾಳಿಯನ್ನೇ ಸುತ್ತಿಸಿದರೆ ನಾಲ್ಕು ಜನರ ಉಸಿರು ಗಾಜಿನ ಮೇಲೇ ಕೂರುತ್ತದೆ. ಮಂಜು ಗಾಜಿನ ಹೊರಗಡೆ ಕಟ್ಟಿದ್ದರೆ ಕಥೆ ಉಲ್ಟಾ, ಗಾಜು ಎಸಿಯಿಂದ ಜಾಸ್ತಿ ತಣ್ಣಗಾಗಿದೆ ಅಂತ ಅರ್ಥ, ವೈಪರ್ ಹಾಕಿ ಎಸಿ ಕಡಿಮೆ ಮಾಡಿ.

ಇನ್ನೊಂದು ಕೇಳಬೇಕಿತ್ತು. ಕಾರಿನ ಒಳಗೆ ಸಿಹಿ ವಾಸನೆ ಬರುತ್ತಾ? ಮುಂದಿನ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆ ಇದೆಯಾ, ಗಾಜಿನ ಒಳಗಡೆ ಜಿಡ್ಡು ಜಿಡ್ಡು ಮಂಜು ಇದೆಯಾ? ಇದ್ದರೆ ಕೋರ್ ಸೋರುತ್ತಿದೆ, ತೊಳೆದು ಪ್ರಯೋಜನ ಇಲ್ಲ.

ಕೋಥ್ರೂಡ್ ಹುಬ್ಬಳ್ಳಿ:

ಭಾನುವಾರ ನೋಡಿದೆ. ಸಿಹಿ ವಾಸನೆ ಇಲ್ಲ, ಕಾರ್ಪೆಟ್ ಒಣಗಿದೆ. ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ನಿಲ್ಲುತ್ತದೆ, ಹೈವೇಯಲ್ಲೂ ಅಲ್ಲಾಡುವುದಿಲ್ಲ. ಒಂದು ಹೋಸ್ ಮುಟ್ಟಲು ಆಗದಷ್ಟು ಬಿಸಿ, ಇನ್ನೊಂದು ಹೆಚ್ಚುಕಡಿಮೆ ತಣ್ಣಗೆ. ವಾಲ್ವ್ ಅಂತ ಏನೂ ಕಾಣಲಿಲ್ಲ, ಹೋಸ್ ನೇರವಾಗಿ ಒಳಗೆ ಹೋಗಿದೆ. ಕೂಲೆಂಟ್ ಹಸಿರೂ ಅಲ್ಲ, ಕೆಂಪೂ ಅಲ್ಲ, ಕಂದು ನೀರು, ಮುಚ್ಚಳದ ಅಡಿಯಲ್ಲಿ ತುಕ್ಕಿನ ಕೆಸರು. ಹಿಂದಿನ ಮಾಲೀಕರು ಬೋರ್‌ವೆಲ್ ನೀರು ಹಾಕಿಕೊಂಡೇ ಓಡಿಸಿದಂತಿದೆ.

ನಾನಾ ಪೇಠ್ ನಂಟ:

ಹಾಗಾದರೆ ಕೋರ್ ಕಟ್ಟಿಕೊಂಡಿದೆ. ಬೋರ್‌ವೆಲ್ ನೀರಿನ ಸುಣ್ಣ, ಜೊತೆಗೆ ತುಕ್ಕು. ಕೋರ್‌ನ ಒಳಗಿನ ಕೊಳವೆಗಳು ತುಂಬಾ ಸಣ್ಣವು, ಮೊದಲು ಅಲ್ಲೇ ಕಟ್ಟುವುದು. ತೊಳೆದು ನೋಡೋಣ, ಬಹಳ ಸಲ ಇದರಲ್ಲೇ ಸರಿಹೋಗುತ್ತದೆ.

ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕೆಳಗಿನ ಡ್ರೇನ್ ಸ್ಕ್ರೂ ಸಡಿಲಿಸಿ ಹಳೆಯ ಕೂಲೆಂಟ್ ಅಗಲವಾದ ಟಬ್ಬಿಗೆ ಇಳಿಸಿಕೊಳ್ಳಿ. ಆಮೇಲೆ ಆ ಎರಡು ಹೋಸ್‌ಗಳ ಕ್ಲಿಪ್ ಬಿಚ್ಚಿ. ಇಲ್ಲೇ ಜನ ಕೆಲಸ ಕೆಡಿಸುವುದು. ಹಳೆಯ ರಬ್ಬರ್ ಪೈಪಿಗೆ ಅಂಟಿಕೊಂಡಿರುತ್ತದೆ, ಅದನ್ನು ಜಗ್ಗಿದರೆ ಕೋರ್‌ನ ಪೈಪ್ ಬಾಗುತ್ತದೆ ಅಥವಾ ಒಳಗೆ ಬಿರುಕು ಬಿಡುತ್ತದೆ, ಆಗ ಆ ಒಂಬತ್ತು ಸಾವಿರ ನಿಜವಾಗಿಯೂ ಬೇಕಾಗುತ್ತದೆ. ಜಗ್ಗಬೇಡಿ, ಮೆಲ್ಲಗೆ ಆಚೆ ಈಚೆ ತಿರುಗಿಸಿ. ಬರಲೇ ಇಲ್ಲವಾ, ಬ್ಲೇಡಿನಿಂದ ಹೋಸ್ ತುದಿಯನ್ನು ಉದ್ದಕ್ಕೆ ಸೀಳಿ ತೆಗೆದುಬಿಡಿ. ನಾನಾ ಪೇಠ್‌ನಲ್ಲಿ ಹೊಸ ಹೋಸ್ ಸಿಗುತ್ತದೆ, ಹಳೆಯ ತುಂಡು ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಿ, ಒಳಗಿನ ಅಳತೆ ಒಂದೇ ಇರಬೇಕು. ಹಾಗೇ ಹೊಸ ಕ್ಲಿಪ್ಪುಗಳನ್ನೂ ತನ್ನಿ.

ತಣ್ಣಗಿದ್ದ ಹೋಸ್ ಯಾವುದೋ ಆ ಪೈಪಿಗೆ ಗಿಡಕ್ಕೆ ನೀರು ಬಿಡುವ ಪೈಪ್ ಸಿಕ್ಕಿಸಿ, ಇನ್ನೊಂದಕ್ಕೆ ಒಂದು ತುಂಡು ಹೋಸ್ ಹಾಕಿ ಬಕೆಟ್ಟಿಗೆ ಬಿಡಿ. ಅಂದರೆ ನೀರು ಉಲ್ಟಾ ಹರಿಯಬೇಕು, ಕಸ ಹೊಕ್ಕ ದಾರಿಯಿಂದಲೇ ಹೊರಗೆ ಬರಲಿ. ನಲ್ಲಿ ಸ್ವಲ್ಪವೇ ತಿರುಗಿಸಿ. ಕಾರ್ ವಾಷಿನ ಪ್ರೆಷರ್ ಗನ್ ಕಡೆ ನೋಡಲೂ ಬೇಡಿ, ಕೋರ್ ಸೀಳಿ ಹೋಗುತ್ತದೆ. ಮೊದಲು ಕೆಂಪು ನೀರು, ಆಮೇಲೆ ಚೂರು ಚೂರು ಹಕ್ಕಳೆ ಬರುತ್ತದೆ. ಸ್ವಲ್ಪ ಹೊತ್ತಿನ ನಂತರ ದಿಕ್ಕು ಬದಲಿಸಿ, ಮತ್ತೆ ಬದಲಿಸಿ. ನೀರು ತಿಳಿಯಾಗಿ, ಬಿಟ್ಟಷ್ಟೇ ವೇಗದಲ್ಲಿ ಆಚೆ ಬರುವವರೆಗೆ.

ಡೊಂಬಿವಲಿ ಲೋಕಲ್:

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಸುಣ್ಣ ಗಟ್ಟಿಯಾಗಿ ಕೂತಿದ್ದರೆ ಬರೀ ನೀರಿಗೆ ಬಿಡುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ಲಿಂಬೂ ಸತ್ವ ಅಂತ ಕೇಳಿ, ಸಿಟ್ರಿಕ್ ಆಸಿಡ್, ತುಂಬಾ ಅಗ್ಗ. ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಕರಗಿಸಿ ಕೋರ್ ಒಳಗೆ ತುಂಬಿ ಅರ್ಧ ಗಂಟೆ ಬಿಟ್ಟು ಮತ್ತೆ ನೀರು ಬಿಡಿ. ಕುರ್ಲಾದ ಸಿಎಸ್‌ಟಿ ರೋಡ್ ಕಡೆ ಹಳೆಯ ಗಾಡಿಗಳ ಕೆಲಸ ಮಾಡುವವರು ಹೀಗೇ ಮಾಡುವುದನ್ನು ನೋಡಿದ್ದೇನೆ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಬೇಡ, ಅಲ್ಯೂಮಿನಿಯಂ ತಿಂದು ಹಾಕುತ್ತದೆ.

ಮತ್ತೆ, ಲೀಕ್ ನಿಲ್ಲಿಸುವ ಪುಡಿ ಅಂತ ಒಂದು ಸಿಗುತ್ತದೆ, ಯಾರಾದರೂ ಹಾಕಿ ಅಂದರೆ ಹಾಕಬೇಡಿ. ಅದು ತೂತು ಮುಚ್ಚುವಾಗ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ನಿಮ್ಮ ಕಾರಲ್ಲಿ ಹಿಂದಿನವರು ಅದನ್ನೂ ಹಾಕಿರಬಹುದು.

ನಾನಾ ಪೇಠ್ ನಂಟ:

ಸಿಟ್ರಿಕ್ ವಿಷಯದಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅದೂ ಆಸಿಡ್ಡೇ, ಹಳೆಯ ಕೋರ್ ತೆಳ್ಳಗಾಗಿದ್ದರೆ ಸುಣ್ಣವೇ ಅದನ್ನು ಸೋರದ ಹಾಗೆ ಹಿಡಿದುಕೊಂಡಿರುವುದೂ ಉಂಟು. ಮೊದಲು ಬರೀ ನೀರು. ಆಗಲಿಲ್ಲ ಅಂದರೆ ಮಾತ್ರ ಸಿಟ್ರಿಕ್, ಅದೂ ತೆಳುವಾಗಿ, ಮತ್ತು ಆಮೇಲೆ ಚೆನ್ನಾಗಿ ತೊಳೆಯಿರಿ.

ಕೊನೆಗೆ ಒಮ್ಮೆ ಡಿಸ್ಟಿಲ್ಡ್ ವಾಟರ್ ಬಿಟ್ಟು ನಲ್ಲಿ ನೀರು ಹೊರಗೆ ಹಾಕಿ. ಬ್ಯಾಟರಿಗೆ ಹಾಕುವ ನೀರೇ ಸಾಕು. ಹೋಸ್ ಜೋಡಿಸಿ, ಹೊಸ ಕೂಲೆಂಟ್ ತುಂಬಿ. ಸಣ್ಣ ಪೆಟ್ರೋಲ್ ಕಾರಿಗೆ ಸುಮಾರು ನಾಲ್ಕು ಲೀಟರ್ ಹಿಡಿಯುತ್ತದೆ, ಸರಿಯಾದ ಅಳತೆ ಮತ್ತು ಯಾವ ಜಾತಿಯ ಕೂಲೆಂಟ್ ಅನ್ನುವುದು ಕಾರಿನ ಪುಸ್ತಕದಲ್ಲಿ ಇರುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ಜಾತಿಯವು ಬರುತ್ತವೆ. ಕಾನ್ಸಂಟ್ರೇಟ್ ತಂದು ಡಿಸ್ಟಿಲ್ಡ್ ನೀರು ಬೆರೆಸಿದರೆ ರೆಡಿಮೇಡ್‌ಗಿಂತ ಅಗ್ಗ ಬೀಳುತ್ತದೆ.

ಇನ್ನು ಗಾಳಿ ತೆಗೆಯುವುದು. ಇದನ್ನು ಬಿಟ್ಟರೆ ಇಷ್ಟೆಲ್ಲಾ ಮಾಡಿಯೂ ಹೀಟರ್ ತಣ್ಣಗೇ ಇರುತ್ತದೆ. ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ತಣ್ಣಗಿನ ಎಂಜಿನ್, ಮುಚ್ಚಳ ತೆರೆದೇ ಇರಲಿ, ಹೀಟರ್ ಫುಲ್ ಬಿಸಿಗೆ, ಆಮೇಲೆ ಸ್ಟಾರ್ಟ್. ಗುಳ್ಳೆ ಬರುತ್ತಾ ಮಟ್ಟ ಇಳಿಯುತ್ತದೆ, ತುಂಬುತ್ತಾ ಇರಿ. ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಹತ್ತಿರ ಥರ್ಮೋಸ್ಟಾಟ್ ತೆರೆಯುತ್ತದೆ, ಆಗ ಮೇಲಿನ ದಪ್ಪ ಹೋಸ್ ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ಕೂಲೆಂಟ್ ಉಕ್ಕಿ ಬರಲು ಶುರುವಾದರೆ ಕೈ ಹಾಕಬೇಡಿ, ಎಂಜಿನ್ ಆಫ್ ಮಾಡಿ ಪೂರ್ತಿ ಆರಲು ಬಿಡಿ.

ಮಡಗಾಂವ್ ಮಳೆಗಾಲ:

ಆ ಟಬ್ಬಿನ ಹಳೆಯ ಕೂಲೆಂಟ್ ಸೊಸೈಟಿಯ ಮೋರಿಗೆ ಸುರಿಯಬೇಡಿ, ತೆರೆದೂ ಇಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಮಕ್ಕಳಿರುವ ಮನೆ ಬೇರೆ. ಕ್ಯಾನಿನಲ್ಲಿ ತುಂಬಿ ಮುಚ್ಚಳ ಹಾಕಿ, ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಕೇಳಿ ಕೊಟ್ಟುಬಿಡಿ.

ಕೋಥ್ರೂಡ್ ಹುಬ್ಬಳ್ಳಿ:

ಬಿಸಿ ಗಾಳಿ ಬಂತು! ಬರೀ ನೀರಿಗೆ ಅರ್ಧ ಸರಿಹೋಯಿತು, ಉಳಿದದ್ದಕ್ಕೆ ತೆಳುವಾಗಿ ಲಿಂಬೂ ಸತ್ವ ಹಾಕಬೇಕಾಯಿತು. ಒಂದು ಹೋಸ್ ಸೀಳಲೇಬೇಕಾಯಿತು, ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಕೂಲೆಂಟ್, ಡಿಸ್ಟಿಲ್ಡ್ ನೀರು, ಹೋಸ್, ಕ್ಲಿಪ್ ಎಲ್ಲಾ ಸೇರಿ ಸಾವಿರದ ಸುತ್ತಮುತ್ತ ಆಯಿತು. ಈಗ ಎರಡೂ ಹೋಸ್ ಬಿಸಿ, ಸೋರಿಕೆ ಇಲ್ಲ.

ಇನ್ನೊಂದು ಸಣ್ಣ ತಲೆನೋವು. ಬ್ಲೋವರ್ 1, 2, 3ರಲ್ಲಿ ಸುಮ್ನೆ ಇರುತ್ತದೆ, 4ಕ್ಕೆ ಹಾಕಿದರೆ ಮಾತ್ರ ಒಮ್ಮೆಲೇ ಗುಂಯ್ ಅಂತ ಓಡುತ್ತದೆ. ಇಷ್ಟು ದಿನ ಬಿಸಿ ಇಲ್ಲದ್ದರಿಂದ ತಲೆ ಕೆಡಿಸಿಕೊಂಡಿರಲಿಲ್ಲ. ಮೋಟಾರ್ ಹೋಗಿದೆಯಾ?

ಡೊಂಬಿವಲಿ ಲೋಕಲ್:

ಮೋಟಾರ್ ಅಲ್ಲ, 4ರಲ್ಲಿ ಓಡುತ್ತಿದೆಯಲ್ಲ. ರೆಸಿಸ್ಟರ್ ಸುಟ್ಟಿದೆ. ಕಡಿಮೆ ಸ್ಪೀಡಿಗೆಲ್ಲ ಕರೆಂಟ್ ರೆಸಿಸ್ಟರ್ ಮೂಲಕ ಹೋಗುತ್ತದೆ, 4ಕ್ಕೆ ಮಾತ್ರ ನೇರವಾಗಿ ಮೋಟಾರಿಗೆ. ಗ್ಲವ್ ಬಾಕ್ಸ್ ಇಳಿಸಿದರೆ ಬ್ಲೋವರ್ ಪಕ್ಕದಲ್ಲೇ ಎರಡು ಸ್ಕ್ರೂ ಹಾಕಿ ಕೂರಿಸಿರುತ್ತಾರೆ, ಗಾಳಿಯಿಂದ ತಣ್ಣಗಿರಲಿ ಅಂತ. ಕೆಲವೇ ನೂರು ರೂಪಾಯಿಯ ಸಾಮಾನು, ಹಳೆಯದನ್ನು ಬಿಚ್ಚಿ ತೋರಿಸಿ ಅದೇ ಥರದ್ದು ತನ್ನಿ. ವೈರ್ ಸುತ್ತಿ ಜೋಡಿಸುವ ಜುಗಾಡ್ ಮಾಡಬೇಡಿ, ಬೆಂಕಿ ಹತ್ತುವ ಜಾಗ ಅದು. ಕನೆಕ್ಟರ್ ಕರಗಿದೆಯಾ ನೋಡಿ, ಕರಗಿದ್ದರೆ ಅದನ್ನೂ ಬದಲಿಸಬೇಕು. ಗ್ಲವ್ ಬಾಕ್ಸ್ ಹೇಗೂ ಇಳಿಸುತ್ತೀರಿ, ಕ್ಯಾಬಿನ್ ಫಿಲ್ಟರ್ ಇದ್ದರೆ ಅದನ್ನೂ ಎಳೆದು ನೋಡಿ. ಅದು ಧೂಳು ಕಟ್ಟಿದ್ದರೆ ರೆಸಿಸ್ಟರ್‌ಗೆ ಗಾಳಿ ಸಿಗುವುದಿಲ್ಲ, ಹೊಸದೂ ಸುಡುತ್ತದೆ.